ಬಚ್ಚಲೊಲೆ ತಾರಸಿ ಹತ್ತಿದ್ದು

ನಮ್ಮಪ್ಪ ಚಾಮರಾಜಪೇಟೆಯ ಒಂದು ಸೌದೆ ಡಿಪೋದಲ್ಲಿ ಸೌದೆ ಸೀಳುತ್ತಿದ್ದರು. ನಾನು 1986ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಪೀಣ್ಯದಲ್ಲಿ ಸೋಲಾರ್ ಹೀಟರ್ ಮಾಡುವ ಶೆಡ್ಡಿಗೆ ಸೇರಿದೆ. ಅಪ್ಪ ಕೊಡಲಿ ಹಿಡಿದರು, ನಾನು ಗ್ಯಾಸ್ ಬೆಸುಗೆಯ ಟಾರ್ಚ್ ಹಿಡಿದೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ, ಬೆಂಗಳೂರಿನವರ ಸ್ನಾನಕ್ಕೆ ಬಿಸಿನೀರು ಒದಗಿಸುವುದು. ಈಗ ಹಸಿರು ತಂತ್ರಜ್ಞಾನದ ಮಾತು ಬಂದಾಗಲೆಲ್ಲ ಎಲೆಕ್ಟ್ರಿಕ್ ಬಸ್ಸು, ಮೆಟ್ರೊಗಳ ಹೆಸರು ಕೇಳುತ್ತೇನೆ. ಬಚ್ಚಲಿನ ಮಾತನ್ನು ಯಾರೂ ಎತ್ತುವುದಿಲ್ಲ. ಈ ಊರಿನ ಸಾಧಾರಣ ಮನೆಗೆ ಸೂರ್ಯನ ಶಕ್ತಿ ಮೊದಲು ಬಂದದ್ದು ಬಚ್ಚಲಿನ ದಾರಿಯಲ್ಲಿ. ಅದನ್ನು ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ.

ಮೊದಲು ಚಳಿಯ ಮಾತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿಯವರೆಗೂ ಇಳಿದದ್ದು ದಾಖಲಾಗಿದೆ. ಮದರಾಸಿನಲ್ಲಿ ನಲ್ಲಿ ತಿರುಗಿಸಿದರೆ ಬರುವ ನೀರೇ ಬೆಚ್ಚಗಿರುತ್ತದೆ. ಇಲ್ಲಿ ಮಾರ್ಗಶಿರದ ಬೆಳಗಿನ ತಣ್ಣೀರಿಗೆ ಮಗುವನ್ನು ಒಡ್ಡುವ ಧೈರ್ಯ ಯಾವ ತಾಯಿಗೂ ಇರಲಿಲ್ಲ. ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲ ದಿನವೂ ಬಿಸಿನೀರು ಬೇಕು, ಅದೂ ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ, ಊರಿಗೆಲ್ಲ ಒಟ್ಟಿಗೇ ಬೇಕು. ನಾನು ಹೇಳುವ ಕಥೆಯೆಲ್ಲ ಈ ಮೂರು ಗಂಟೆಗಳದ್ದು.

1898ರ ಪ್ಲೇಗಿನ ಆಮೇಲೆ ಬೆಳೆದ ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಿಲ ಕಡೆಗಿರುತ್ತಿತ್ತು. ಒಂದು ಮೂಲೆಯಲ್ಲಿ ಮಣ್ಣಿನ ಇಲ್ಲವೇ ಇಟ್ಟಿಗೆಯ ಒಲೆ, ಅದರ ಮೇಲೆ ಅಲುಗದಂತೆ ಕೂರಿಸಿದ ತಾಮ್ರದ ಹಂಡೆ. ಅನುಕೂಲಸ್ಥರ ಮನೆಗಳಲ್ಲಿ ಒಲೆಯ ಬಾಯಿ ಗೋಡೆಯ ಆಚೆಗಿರುತ್ತಿದ್ದುದರಿಂದ ಹೊಗೆ ಒಳಗೆ ಬರುತ್ತಿರಲಿಲ್ಲ. ನಮ್ಮದು ವಠಾರದ ಮನೆ, ಒಲೆಯ ಬಾಯಿ ಒಳಗೇ. ಅಮ್ಮ ಊದುಗೊಳವೆ ಹಿಡಿದು ಕೂತರೆ ಎದ್ದು ಬರುವಾಗ ಕಣ್ಣು ಕೆಂಡವಾಗಿರುತ್ತಿತ್ತು. ತೆಂಗಿನ ಗರಿ, ಮಟ್ಟೆ, ಚಿಪ್ಪು, ಒಣಗಿದ ಬಾಳೆದಿಂಡು, ಮುರಿದ ಕುರ್ಚಿಯ ಕಾಲು, ಉರಿಯುವುದೆಲ್ಲ ಆ ಒಲೆಗೆ ಹೋಗುತ್ತಿತ್ತು. ಉಳಿದ ಬೂದಿಯಲ್ಲಿ ಪಾತ್ರೆ ಬೆಳಗುತ್ತಿದ್ದರು. ಮನೆಯ ಕಸದಲ್ಲಿ ಅರ್ಧ ಹೀಗೇ ಕರಗುತ್ತಿತ್ತು. ಹಾಗೆಂದು ಆ ಒಲೆಯನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಅಮ್ಮನ ಕಣ್ಣು ಕಂಡವನು ನಾನು.

ವರ್ಷಕ್ಕೊಮ್ಮೆ ಆ ಹಂಡೆಗೂ ಪೂಜೆಯಿತ್ತು. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ ಹಂಡೆ ಹೊಸ ತಾಮ್ರದ ಬಣ್ಣಕ್ಕೆ ಬರುತ್ತಿತ್ತು. ಅದಕ್ಕೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಅರಿಶಿನ ಕುಂಕುಮ ಇಡುತ್ತಿದ್ದರು. ಮರುದಿನ ನಸುಕಿಗೆ ಎಣ್ಣೆ ಒತ್ತಿಸಿಕೊಂಡು, ಸೀಗೆಪುಡಿಯ ಉರಿಗೆ ಅತ್ತುಕೊಂಡು ಸ್ನಾನ. ನೀರು ಕಾಯಿಸುವುದು ಎಷ್ಟು ದೊಡ್ಡ ಕೆಲಸವೆಂದು ಆ ಹಬ್ಬ ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು.

ಹಿತ್ತಿಲ ಗರಿ ಎಲ್ಲರಿಗೂ ಎಲ್ಲ ಕಾಲಕ್ಕೂ ಸಾಲದು. ಅಲ್ಲಿ ಡಿಪೋ ಬಂತು. ಅಪ್ಪನ ಡಿಪೋಗೆ ಲಾರಿ ಬರುತ್ತಿದ್ದುದು ನಡುರಾತ್ರಿ ಕಳೆದ ಮೇಲೆ. ಹೆಚ್ಚಾಗಿ ಸರ್ವೆ ಸೌದೆ, ಮಿಕ್ಕದ್ದು ಕಾಡಿನ ಮರ. ಸರ್ವೆ ನೆಟ್ಟಗೆ ಸೀಳುತ್ತದೆ, ಹೊಗೆ ಕಡಿಮೆ. ಕಾಡಿನ ಗಂಟುಮರ ಕೊಡಲಿಯ ಬಾಯನ್ನೇ ಮುರಿಯುತ್ತದೆ. ದೊಡ್ಡ ತಕ್ಕಡಿಯ ಒಂದು ಕಡೆ ಕಬ್ಬಿಣದ ತೂಕದ ಕಲ್ಲು, ಇನ್ನೊಂದು ಕಡೆ ಸೌದೆ. ಕಿಲೋ ಬಂದು ಎಷ್ಟೋ ವರ್ಷವಾಗಿದ್ದರೂ ಹಳೆಯ ಗಿರಾಕಿಗಳು ಮಣದಲ್ಲೇ ಕೇಳುತ್ತಿದ್ದರು. ಬೆಂಗಳೂರಿನ ಸೌದೆಯ ಬಗ್ಗೆ ಅಮೂಲ್ಯ ಕುಮಾರ್ ಎನ್. ರೆಡ್ಡಿ ಮತ್ತು ಬಿ. ಸುಧಾಕರ ರೆಡ್ಡಿ 1983ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಡವರು ತಲೆಹೊರೆಯಲ್ಲಿ ಪುಳ್ಳೆ ಆಯ್ದು ತಂದು ಕಾಡು ಹಾಳುಮಾಡುತ್ತಾರೆ ಎಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. ಆ ಅಧ್ಯಯನ ತೋರಿಸಿದ್ದು ಬೇರೆಯೇ, ನಗರಕ್ಕೆ ಸೌದೆ ಬರುತ್ತಿದ್ದುದು ಲಾರಿಗಳಲ್ಲಿ, ದೂರದೂರದಿಂದ. ಅದನ್ನು ನಾನು ಓದಿದ್ದು ಬಹಳ ತಡವಾಗಿ. ಓದುವಾಗ, ಲಾರಿಯಿಂದ ಸೌದೆ ಇಳಿಸುತ್ತಿದ್ದ ಅಪ್ಪನ ಬೆನ್ನು ಕಣ್ಣಮುಂದೆ ಬಂತು.

ಅಮೂಲ್ಯ ರೆಡ್ಡಿಯವರು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿದ್ಯುತ್‌ರಸಾಯನ ಶಾಸ್ತ್ರದ ಪ್ರಾಧ್ಯಾಪಕರು. 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಪ್ರಯೋಗಗಳು ನಡೆದವು. ಹೊಗೆ ಕೊಳವೆಯ ಅಸ್ತ್ರ ಒಲೆಯನ್ನು ಹಳ್ಳಿಯ ಹಿರಿಯ ಹೆಂಗಸರು ಈಗಲೂ ಹೆಸರು ಹಿಡಿದು ನೆನೆಯುತ್ತಾರೆ.

ಊರಿಗೆ ಕರೆಂಟು ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ. ಬೀದಿಯಲ್ಲಿ ದೀಪ ಹತ್ತಿತು, ಬಚ್ಚಲಿನಲ್ಲಿ ಒಲೆ ಆರಲಿಲ್ಲ. ಸೌದೆ ತುಟ್ಟಿಯಾದಾಗ ಜನ ಹೋದದ್ದು ಸಾಮಿಲ್ಲಿಗೆ. ಮರದ ಹೊಟ್ಟನ್ನು ಮೂಟೆಯಲ್ಲಿ ತಂದು, ತಗಡಿನ ಡಬ್ಬದ ನಡುವೆ ಒಂದು ಬಾಟ್ಲಿ ನಿಲ್ಲಿಸಿ, ಸುತ್ತ ಹೊಟ್ಟು ತುಂಬಿ ಕಾಲಿನಿಂದ ತುಳಿದು, ಬಾಟ್ಲಿಯನ್ನು ಮೆಲ್ಲಗೆ ತಿರುಗಿಸಿ ಎಳೆದರೆ ನಡುವೆ ತೂತು ಉಳಿದು ಹೊಟ್ಟಿನ ಒಲೆ ಸಿದ್ಧ. ಕೈ ನಡುಗಿತೋ ತೂತು ಕುಸಿಯಿತು, ಮತ್ತೆ ಮೊದಲಿಂದ ತುಂಬಬೇಕು. ಅದು ನನ್ನ ಪಾಲಿನ ಕೆಲಸ. ಆಮೇಲೆ ತಾಮ್ರದ ಬಾಯ್ಲರು ಬಂತು, ಅದರ ಹಿಂದೆ ಗೀಸರು. 1960ರ ದಶಕದಲ್ಲಿ ಶರಾವತಿಯ ವಿದ್ಯುತ್ ಸಿಕ್ಕಿದಾಗ ಕರೆಂಟಿಗೆ ಕೊನೆಯಿಲ್ಲ ಎಂದುಕೊಂಡವರೇ ಹೆಚ್ಚು. ಮಳೆ ಕೈಕೊಟ್ಟ ವರ್ಷಗಳಲ್ಲಿ ಪವರ್ ಕಟ್ ಶುರುವಾಯಿತು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಚಾಲೂ ಆದದ್ದು 1985ರಲ್ಲಿ. ಅಲ್ಲಿ ಕಲ್ಲಿದ್ದಲು ಸುಟ್ಟು, ಅದರ ಶಾಖದಲ್ಲಿ ಮೂರನೆಯ ಒಂದು ಪಾಲು ಮಾತ್ರ ಕರೆಂಟಾಗಿ, ತಂತಿಯಲ್ಲಿ ಇನ್ನಷ್ಟು ಸೋರಿ, ಕಡೆಗೆ ನಮ್ಮ ಬಚ್ಚಲಿಗೆ ಬಂದು ಮತ್ತೆ ಶಾಖವೇ ಆಗುವುದು. ಮೈಗೆ ಬೇಕಾದ್ದು ಉಗುರುಬೆಚ್ಚಗಿನ ನೀರು. ಅದಕ್ಕೆ ಇಷ್ಟು ದೊಡ್ಡ ಬೆಂಕಿಯೇ ಎಂದು ಕೇಳಿದವರಲ್ಲಿ ರೆಡ್ಡಿಯವರು ಒಬ್ಬರು. ಅವರೂ ಸಹೋದ್ಯೋಗಿಗಳೂ 1991ರಲ್ಲಿ ಕರ್ನಾಟಕದ ವಿದ್ಯುತ್ತಿಗೆ ಒಂದು ಬದಲಿ ಯೋಜನೆ ಮುಂದಿಟ್ಟರು. ಅದರ ಅಂಶಗಳಲ್ಲಿ ಒಂದು, ಗೀಸರಿನ ಜಾಗದಲ್ಲಿ ಸೂರ್ಯನಿಂದ ನೀರು ಕಾಯಿಸುವುದು.

ನಮ್ಮ ಶೆಡ್ಡಿನಲ್ಲಿ ಈ ವಾದವೆಲ್ಲ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದುದು ತಾಮ್ರ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಒಂದು ಪೆಟ್ಟಿಗೆ, ಒಳಗೆ ಮೇಲಿಂದ ಕೆಳಕ್ಕೆ ಒಂಬತ್ತು ತಾಮ್ರದ ಕೊಳವೆ. ಪ್ರತಿ ಕೊಳವೆಗೂ ರೆಕ್ಕೆಯಂತೆ ಬೆಸೆದ ತೆಳುವಾದ ತಾಮ್ರದ ಹಾಳೆ, ಅದರ ಮೇಲೆ ಬಿಸಿಲು ಹೀರುವ ಕಪ್ಪು ಲೇಪ. ಕೆಳಗೆ ಶಾಖ ಹಿಡಿದಿಡಲು ಹೊದಿಸಿದ ಉಣ್ಣೆಯಂಥ ಪದರ, ಅದರ ನವೆ ಎರಡು ದಿನ ಹೋಗುತ್ತಿರಲಿಲ್ಲ. ಮೇಲೆ ಗಾಜು. ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಲ್ಲಿಸಿದರೆ ಆಯಿತು. ಪಂಪೂ ಬೇಡ, ಮೋಟರೂ ಬೇಡ. ಕಾದ ನೀರು ಹಗುರವಾಗಿ ತಾನೇ ಮೇಲೇರಿ ಟ್ಯಾಂಕಿಗೆ ಹೋಗುತ್ತದೆ, ತಣ್ಣೀರು ಭಾರವಾಗಿ ಕೆಳಗೆ ಇಳಿಯುತ್ತದೆ. ಟ್ಯಾಂಕಿನ ತಳ ಪೆಟ್ಟಿಗೆಯ ತಲೆಗಿಂತ ಅಡಿಯಷ್ಟಾದರೂ ಮೇಲಿರಬೇಕು. ಆ ಲೆಕ್ಕ ತಪ್ಪಿಸಿ ಕೂರಿಸಿದರೆ ರಾತ್ರಿ ನೀರು ಹಿಂದಕ್ಕೆ ಹರಿದು, ಹಗಲು ಕಾದದ್ದೆಲ್ಲ ಆಕಾಶಕ್ಕೆ ಸೋರಿಹೋಗುತ್ತದೆ. ನನ್ನ ಮೊದಲ ವರ್ಷವೇ ಜಯನಗರದ ಒಂದು ಮನೆಯಲ್ಲಿ ಈ ತಪ್ಪು ಮಾಡಿ, ಮೂರನೆಯ ದಿನ ಸ್ಟ್ಯಾಂಡ್ ಎತ್ತರಿಸಿ ಕೊಟ್ಟು ಬಂದೆ.

ಆಗಿನ ಗಿರಾಕಿಗಳ ಪ್ರಶ್ನೆ ಒಂದೇ, ರಾತ್ರಿ ಬಿಸಿಲಿಲ್ಲವಲ್ಲ, ಬೆಳಿಗ್ಗೆ ನೀರು ಹೇಗೆ ಬಿಸಿಯಿರುತ್ತದೆ? ನಾನು ಕಾಫಿ ಫ್ಲಾಸ್ಕ್ ತೋರಿಸುತ್ತಿದ್ದೆ. ಗಾಂಧಿಬಜಾರಿನ ಹತ್ತಿರದ ಒಂದು ಮನೆಯ ಅಜ್ಜಿ ಮಾತ್ರ ಬೇರೆಯದೇ ಕೇಳಿದರು. “ಏನಪ್ಪಾ, ಹಂಡೆಯಿಂದ ಒಬ್ಬರು ಮೊಗೆದುಕೊಂಡು ತಣ್ಣೀರು ಹುಯ್ದರೆ ಎಲ್ಲಾ ತಣ್ಣಗಾಗತ್ತೆ. ನಿಮ್ಮದು?” ನಾನಂದೆ, “ಇಲ್ಲ ಅಜ್ಜಿ, ಇದರಲ್ಲಿ ತಣ್ಣೀರು ಕೆಳಗಿನಿಂದ ಬರುತ್ತೆ, ಬಿಸಿನೀರು ಮೇಲಕ್ಕೆ ನಿಲ್ಲುತ್ತೆ. ತೆಗೆದುಕೊಳ್ಳುವುದು ಮೇಲಿನಿಂದ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಕೊನೇಲಿ ಸ್ನಾನ ಮಾಡೋರಿಗೂ ಬಿಸಿನೀರೇ ಸಿಗತ್ತೆ ಅನ್ನು” ಎಂದರು. ಸೊಸೆಯಾಗಿ ಬಂದು ಮೂವತ್ತು ವರ್ಷ ಎಲ್ಲರದೂ ಆದಮೇಲೆ ಸ್ನಾನ ಮಾಡಿದವರಂತೆ. ಮಗನಿಂದ ಅವತ್ತೇ ಅಡ್ವಾನ್ಸ್ ಕೊಡಿಸಿದರು.

ಸೋಲಾರ್ ಹೀಟರ್ ಬೆಂಗಳೂರಿನಲ್ಲೇ ಹೆಚ್ಚು ಬೇರೂರಿದ್ದಕ್ಕೆ ಚಳಿ ಮತ್ತು ಬಿಸಿಲು ಎರಡೂ ಇರುವುದು ಒಂದು ಕಾರಣ. ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡ ಕಾರಣ ನೀರಿನ ಬರ. 1974ರಲ್ಲಿ ಕಾವೇರಿ ಬಂದ ಮೇಲೂ ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ. ಅದಕ್ಕಾಗಿ ಪ್ರತಿ ಮನೆಗೂ ಸಂಪು, ಮೋಟರು, ತಾರಸಿಯ ಮೇಲೊಂದು ಟ್ಯಾಂಕು. ಹೆಂಚಿನ ಸೂರು ಹೋಗಿ ಆರ್‌ಸಿಸಿ ತಾರಸಿಯೂ ಬಂದಿತ್ತು. ನಮ್ಮ ಹೀಟರಿಗೆ ಬೇಕಾದ್ದು ಅಷ್ಟೇ, ಸಮತಟ್ಟಾದ ತಾರಸಿ, ಅದಕ್ಕಿಂತ ಎತ್ತರದಲ್ಲಿ ತಣ್ಣೀರಿನ ಟ್ಯಾಂಕು. ಕಷ್ಟಕ್ಕೆಂದು ಜನ ಕಟ್ಟಿಕೊಂಡದ್ದು ನಮಗೆ ಅಡಿಪಾಯವಾಯಿತು.

2007ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಹೊಸ ಕಟ್ಟಡಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿತು. ಆಗ ಹಾಕಿಸದಿದ್ದರೆ ಕರೆಂಟ್ ಕನೆಕ್ಷನ್ ಸಿಗುತ್ತಿರಲಿಲ್ಲ, ಹಾಕಿಸಿದವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ಕಡಿತವಿತ್ತು. ಸಣ್ಣ ಮೊತ್ತ, ಆದರೆ ಪ್ರತಿ ತಿಂಗಳ ಬಿಲ್ಲಿನಲ್ಲಿ ಕಾಣುವ ಮೊತ್ತ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 4 ಯೂನಿಟ್ ಬೇಕು. ಎರಡು ಕಿಲೋವ್ಯಾಟಿನ ಗೀಸರು ಎರಡು ಗಂಟೆ ಉರಿದ ಹಾಗೆ. ಅಷ್ಟನ್ನು ಒಂದು ತಾರಸಿ ಒಂದು ಹಗಲಿನಲ್ಲಿ ಸದ್ದಿಲ್ಲದೆ ದುಡಿಯುತ್ತದೆ. ಹೀಟರುಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದ ಮುಂಚೂಣಿಗೆ ಬಂದದ್ದರಲ್ಲಿ ಈ ಆದೇಶದ ಪಾಲು ದೊಡ್ಡದು. ಅಮೂಲ್ಯ ರೆಡ್ಡಿಯವರು 2006ರ ಮೇ ತಿಂಗಳಲ್ಲೇ ತೀರಿಕೊಂಡಿದ್ದರು. ಒಂದೂವರೆ ವರ್ಷ ಇದ್ದಿದ್ದರೆ ನೋಡುತ್ತಿದ್ದರಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಕಡ್ಡಾಯ ಬಂದ ಹೊತ್ತಿಗೇ ಚೀನಾದ ಗಾಜಿನ ಕೊಳವೆಗಳೂ ಬಂದವು. ಅಗ್ಗ, ಬೇಗ ಕಾಯುತ್ತವೆ. ತಾಮ್ರ ಬೆಸೆಯುವ ಕೈಗಳಿಗೆ ಕೆಲಸ ಇಳಿಯಿತು, ನಮ್ಮ ಶೆಡ್ಡೂ ಮುಚ್ಚಿತು. ಆಮೇಲಿಂದ ನನ್ನದು ರಿಪೇರಿ ಕೆಲಸ. ಬೋರ್‌ವೆಲ್ ನೀರಿನ ಗಡಸಿಗೆ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ, ವರ್ಷಕ್ಕೊಮ್ಮೆ ತೊಳೆಸಿ ಎಂದರೆ ಕೇಳುವವರು ಕಡಿಮೆ. ಕಡ್ಡಾಯಕ್ಕೆಂದು ಹಾಕಿಸಿ, ಕನೆಕ್ಷನ್ ಸಿಕ್ಕಮೇಲೆ ಹತ್ತಿಯೂ ನೋಡದ ತಾರಸಿಗಳನ್ನು ಕಂಡು ಹೊಟ್ಟೆ ಉರಿದಿದೆ. ಅದಕ್ಕಿಂತ ದೊಡ್ಡ ಚಿಂತೆ ತಾರಸಿಯದೇ. ಹದಿನೈದು ಮಹಡಿಯಲ್ಲಿ ಅರವತ್ತು ಮನೆ, ಎಲ್ಲಕ್ಕೂ ಸೇರಿ ಒಂದೇ ತಾರಸಿ. ಮೇಲಿನೆರಡು ಮಹಡಿಗೆ ಸೋಲಾರ್, ಕೆಳಗಿನವರಿಗೆ ಗೀಸರು. ಬಿಸಿಲಿನಲ್ಲಿ ಎಲ್ಲರಿಗೂ ಇದ್ದ ಪಾಲು ಈಗ ಮೇಲಿದ್ದವರದಾಗುತ್ತಿದೆ. ಬೀದಿ ಬೀದಿಯಲ್ಲಿ ಬಿಡಿಮನೆಗಳು ಬಿದ್ದಂತೆ ಒಂದೊಂದು ಮನೆಯ ಬೆಳಗಿನ ಮೂರು ಗಂಟೆಗಳೂ ಮತ್ತೆ ರಾಯಚೂರಿನ ಬೆಂಕಿಗೆ ಹೋಗುತ್ತಿವೆ.

ಹೋದ ತಿಂಗಳು ಬಸವನಗುಡಿಯ ಒಂದು ಮನೆಯಿಂದ ಕರೆ ಬಂತು. ಫ್ಲಾಟ್ ಕಟ್ಟಲು ಮನೆ ಒಡೆಯುತ್ತಿದ್ದಾರೆ, ಹಳೆಯ ಸೋಲಾರ್ ಬಿಚ್ಚಿಕೊಡಿ ಎಂದು. ಹತ್ತಿ ನೋಡಿದರೆ ತಾಮ್ರದ್ದು, ನಮ್ಮ ಶೆಡ್ಡಿನದೇ, 1994ರದು. ಕೊಳವೆಯ ಬೆಸುಗೆ ಒಂದೂ ಬಿಟ್ಟಿರಲಿಲ್ಲ. ಗುಜರಿಯವನು ಕೆಳಗೆ ತಕ್ಕಡಿ ಹಿಡಿದು ಕಾಯುತ್ತಿದ್ದ, ಅವನ ಗಾಡಿಯಲ್ಲಿ ಅದೇ ಮನೆಯ ಅಟ್ಟದಿಂದ ಇಳಿಸಿದ ತಾಮ್ರದ ಹಂಡೆಯೂ ಇತ್ತು. ಸಂಜೆ ನಾಲ್ಕು ಗಂಟೆ. ಟ್ಯಾಂಕ್ ಖಾಲಿ ಮಾಡಲು ವಾಲ್ವ್ ತಿರುಗಿಸಿದೆ, ಹಬೆಯಾಡುವ ನೀರು ಬಂತು. ಮನೆ ಒಡೆಯುತ್ತಿದ್ದವರು ರಾಯಚೂರು ಕಡೆಯ ಗಂಡಹೆಂಡಿರು, ಮೈಯೆಲ್ಲ ಗಾರೆ ಧೂಳು. ಸಿಮೆಂಟಿನ ಬಾಂಡ್ಲಿ, ಬಕೆಟ್ಟು, ಕೊಡ, ಸಿಕ್ಕಿದ್ದೆಲ್ಲ ತಂದು ಹಿಡಿದರು. ಆ ಹೆಂಗಸು ತಣ್ಣೀರು ಬೆರೆಸಿ, ಮಗುವನ್ನು ತಾರಸಿಯ ಮೂಲೆಯಲ್ಲಿ ನಿಲ್ಲಿಸಿ ತಲೆಗೆ ಹುಯ್ದಳು. “ಇನ್ನೂ ಐತೇನ್ರೀ ಅಣ್ಣಾ?” ಎಂದು ಕೇಳಿದಳು. ಇದೆ ತಾಯಿ ಎಂದೆ, ವಾಲ್ವ್ ಅರ್ಧ ಮುಚ್ಚಿ ಹಿಡಿದುಕೊಂಡು ಕೂತೆ.