ಯಾರು ಯಾರನ್ನು ಕ್ಷಮಿಸಬೇಕು?

1835ರ ನವೆಂಬರ್ 27ರಂದು ಲಂಡನ್ನಿನ ನ್ಯೂಗೇಟ್ ಜೈಲಿನ ಮುಂದೆ ಇಬ್ಬರನ್ನು ನೇಣಿಗೆ ಹಾಕಿದರು. ಒಬ್ಬ ಜೇಮ್ಸ್ ಪ್ರಾಟ್. ಕುದುರೆ ನೋಡಿಕೊಳ್ಳುವ ಚಾಕರಿಯವ, ಹೆಂಡತಿ ಮಕ್ಕಳಿದ್ದವ. ಇನ್ನೊಬ್ಬ ಜಾನ್ ಸ್ಮಿತ್, ಕೂಲಿಯವ. ಕೊಲೆ ಮಾಡಿರಲಿಲ್ಲ, ಕನ್ನ ಹಾಕಿರಲಿಲ್ಲ. ಗಂಡಸರಿಬ್ಬರು ಒಂದು ಬಾಡಿಗೆ ಕೋಣೆಯಲ್ಲಿ ಕೂಡಿದರು ಅನ್ನೋದೇ ಅಪರಾಧ. ಮನೆ ಮಾಲೀಕ ಬೀಗದ ಕಿಂಡಿಯಲ್ಲಿ ಇಣುಕಿ ನೋಡಿ ಪೊಲೀಸರನ್ನು ಕರೆತಂದ. ಕೋಣೆ ಹಿಡಿದಿದ್ದ ಮುದುಕ ವಿಲಿಯಂ ಬೊನಿಲ್‌ನನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾದ ಕಡೆಗೆ ಗಡಿಪಾರು ಮಾಡಿದರು. 1841ರಲ್ಲಿ ಅಲ್ಲೇ ಸತ್ತ.

ಆಗ ಆ ಜೈಲಿನಲ್ಲಿ ಮರಣದಂಡನೆಯಾದವರು ಒಟ್ಟು 17 ಜನ. ದರೋಡೆ ಮಾಡಿದವರಿದ್ದರು, ಕೊಲೆಗೆ ಯತ್ನಿಸಿದವರಿದ್ದರು. ಉಳಿದವರೆಲ್ಲರ ಜೀವ ಉಳಿಸಿದರು, ಇವರಿಬ್ಬರದು ಮಾತ್ರ ಇಲ್ಲ.

ಇವರನ್ನು ವಿಚಾರಣೆಗೆ ಕಳಿಸಿದ್ದ ಮ್ಯಾಜಿಸ್ಟ್ರೇಟ್ ಹೆನ್ಸ್ಲೆ ವೆಜ್‌ವುಡ್ ಮನಸ್ಸು ತಡೆಯದೆ ಗೃಹಮಂತ್ರಿಗೆ ಒಂದು ಕಾಗದ ಬರೆದ. ಅದರ ಸಾರ ಇಷ್ಟು: ಈ ಕೆಲಸದಿಂದ ಯಾರಿಗೂ ಕೇಡಿಲ್ಲ, ಶ್ರೀಮಂತರೂ ಇದನ್ನು ಮಾಡುತ್ತಾರೆ, ಆದರೆ ನಾಲ್ಕು ಕಾಸು ಖರ್ಚು ಮಾಡಿ ಭದ್ರವಾದ ಬಾಗಿಲು ಹಾಕಿಕೊಳ್ಳುತ್ತಾರೆ, ಅದಕ್ಕೇ ಅವರಿಗೆ ಶಿಕ್ಷೆ ಆಗೋದೇ ಇಲ್ಲ. ಗೆಳೆಯರೇ, ಇದನ್ನು ಬರೆದವನು ಕ್ರಾಂತಿಕಾರಿಯಲ್ಲ, ಸರ್ಕಾರದ ಮ್ಯಾಜಿಸ್ಟ್ರೇಟ್! ಬಾಗಿಲಿಲ್ಲದವನ ದೇಹದ ಮೇಲೆಯೇ ಕಾನೂನಿನ ಕಣ್ಣು ಅನ್ನೋದು ಅವನಿಗೂ ಕಂಡಿತ್ತು.

ಅದೇ ಹೊತ್ತಿಗೆ ಮೆಕಾಲೆ ಕಲ್ಕತ್ತೆಯಲ್ಲಿ ಕೂತು ನಮಗಾಗಿ ದಂಡಸಂಹಿತೆ ಬರೆಯುತ್ತಿದ್ದ. 1837ರಲ್ಲಿ ಕರಡು ಮುಗಿಯಿತು. ಈ ವಿಷಯದ ಬಗ್ಗೆ ಮಾತಾಡುವುದೇ ಹೇಸಿಗೆ, ಚರ್ಚೆಯೇ ಬೇಡ ಅಂದ. ಚರ್ಚೆಯೇ ಬೇಡವೆಂದ ಸಂಗತಿ 1860ರ ಐ.ಪಿ.ಸಿ.ಯಲ್ಲಿ 377ನೇ ಸೆಕ್ಷನ್ ಆಗಿ ಬಂತು, 1862ರಿಂದ ಜಾರಿಯಾಯಿತು. 'ಪ್ರಕೃತಿಯ ನಿಯಮಕ್ಕೆ ವಿರುದ್ಧ' ಕೂಡಿದವನಿಗೆ ಜೀವಾವಧಿ, ಇಲ್ಲವೆ 10 ವರ್ಷದವರೆಗೆ ಜೈಲು. ಮನುವಿನಲ್ಲಿ ಜಾತಿಗೊಂದು ಶಿಕ್ಷೆಯಿತ್ತು, ಮೆಕಾಲೆ ಎಲ್ಲರಿಗೂ ಒಂದೇ ಮಾಡಿದ ಅಂತ ನಮ್ಮವರಲ್ಲೇ ಕೆಲವರು ಅವನನ್ನು ನೆನೆಯುತ್ತಾರೆ. ಸುಳ್ಳಲ್ಲ. ಆದರೆ 'ಪ್ರಕೃತಿಯ ನಿಯಮ' ಅನ್ನೋ ಮಾತು ನಮಗೆ ಹೊಸದೇ? ಊರು ಹೊಲಗೇರಿ ಬೇರೆ ಇರೋದೂ ನಿಯಮವೇ ಅಂತ ಹೇಳಿಸಿಕೊಂಡವರು ನಾವು.

1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹುಟ್ಟಿನಿಂದಲೇ ಕಳ್ಳರು ಅಂತ ಜಾತಿ ಜಾತಿಗಳನ್ನೇ ಪಟ್ಟಿ ಮಾಡಿದ ಕಾನೂನು ಅದು. ಅದರ ಎರಡನೇ ಭಾಗವನ್ನು ನಾವು ಓದಿಲ್ಲ. ಅದು ಹಿಜ್ರಾಗಳ ಪಟ್ಟಿ. ಪಟ್ಟಿಯಲ್ಲಿದ್ದವರು ಸೀರೆಯುಟ್ಟು ಬೀದಿಗೆ ಬಂದರೆ, ಕುಣಿದರೆ, 2 ವರ್ಷದವರೆಗೆ ಜೈಲು. ಒಂದೇ ಕಾಗದದ ಎರಡು ಮಗ್ಗುಲು! ಇದು ಹಳೇ ಕಥೆ ಅನ್ನಬೇಡಿ. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೇ 36ಎ ಅಂತ ಸೇರಿಸಿ, ಇವರ ಹೆಸರು ವಿಳಾಸಗಳ ರಿಜಿಸ್ಟರ್ ಇಡುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ಕೊಟ್ಟರು.

ಹಾಸ್ಟೆಲಿನಲ್ಲಿ ನಡಿಗೆ ಬಳುಕುತ್ತಿದ್ದ ಹುಡುಗನನ್ನು 'ಹೆಣ್ಣಿಗ' ಅಂತ ಕರೆದು ನಕ್ಕವರಲ್ಲಿ ನಾವೂ ಇದ್ದೆವು. ಅವನು ನಮ್ಮ ಕೇರಿಯವನೇ. ಅರ್ಧಕ್ಕೇ ಓದು ಬಿಟ್ಟು ಹೋದ. ಸಮಾನತೆಯ ಹಾಡು ಹಾಡಿ ಬಂದ ರಾತ್ರಿಗಳಲ್ಲೇ ಆ ನಗುವೂ ನಡೆಯುತ್ತಿತ್ತು.

ಇರಲಿ, ಮತ್ತೆ ಇಂಗ್ಲೆಂಡಿಗೆ ಬರೋಣ. ಅಲ್ಲಿ 1861ರಲ್ಲಿ ನೇಣು ಹೋಯಿತು, 1885ರಲ್ಲಿ 'ಘೋರ ಅಸಭ್ಯತೆ' ಅನ್ನೋ ಹೊಸ ಬಲೆ ಬಂತು. 1895ರಲ್ಲಿ ಆಸ್ಕರ್ ವೈಲ್ಡ್ ಅದರಲ್ಲಿ ಸಿಕ್ಕಿ 2 ವರ್ಷ ಕಠಿಣ ಶಿಕ್ಷೆ ಅನುಭವಿಸಿದ. 1952ರಲ್ಲಿ ಅಲನ್ ಟ್ಯೂರಿಂಗ್ ಸಿಕ್ಕಿದ. ಯುದ್ಧದಲ್ಲಿ ಜರ್ಮನಿಯ ಗುಪ್ತಲಿಪಿ ಒಡೆಯಲು ದುಡಿದ ಗಣಿತಜ್ಞನಿಗೆ ಜೈಲಿನ ಬದಲು ಹಾರ್ಮೋನು ಚುಚ್ಚಿ ಕಾಮವನ್ನೇ ಕೊಲ್ಲುವ ಚಿಕಿತ್ಸೆ. 1954ರಲ್ಲಿ ಸಯನೈಡಿನಿಂದ ಸತ್ತ. 2013ರಲ್ಲಿ ರಾಣಿ ಅವನನ್ನು 'ಕ್ಷಮಿಸಿದಳು'. ಅವನು ದೇಶಕ್ಕೆ ಉಪಯೋಗಕ್ಕೆ ಬಂದವನಲ್ಲವೆ! ಕುದುರೆ ಚಾಕರಿಯವನ ಸರದಿ ಬಂದದ್ದು 2017ರ ಕಾನೂನಿನಲ್ಲಿ. ಆಗ ಸತ್ತವರಿಗೆಲ್ಲ ಒಟ್ಟಾಗಿ ಕ್ಷಮೆ ಸಿಕ್ಕಿತು. ಬದುಕಿದ್ದವರು ಮಾತ್ರ ಅರ್ಜಿ ಹಾಕಿ, ನನ್ನ ಶಿಕ್ಷೆ ಅಳಿಸಿ ಅಂತ ಬೇಡಬೇಕು.

1974ರಲ್ಲಿ ಶಿಕ್ಷೆಯಾಗಿದ್ದ ಜಾರ್ಜ್ ಮಾಂಟಗ್ಯು ಎಂಬ ವೃದ್ಧ ಈ ಕ್ಷಮೆಯನ್ನು ಬೇಡವೆಂದ. ಕ್ಷಮೆ ಒಪ್ಪಿದರೆ ತಪ್ಪು ಒಪ್ಪಿದ ಹಾಗೆ. ನಾನು ತಪ್ಪು ಮಾಡಿಲ್ಲ, ನೀವೇ ನನ್ನ ಕ್ಷಮೆ ಕೇಳಿ ಎಂದ. ಇದು ಸ್ವಾಭಿಮಾನದ ಮಾತು. ಒದ್ದವನು ಒದೆಸಿಕೊಂಡವನಿಗೆ 'ಹೋಗು, ಕ್ಷಮಿಸಿದ್ದೇನೆ' ಅನ್ನೋದನ್ನು ನಮ್ಮ ಹಿರಿಯರು ಗೌಡರ ಜಗಲಿಯ ಕೆಳಗೆ ನಿಂತು ಎಷ್ಟು ಸಲ ಕೇಳಿಲ್ಲ! ಜರ್ಮನಿ ಕ್ಷಮೆಯ ಗೋಜಿಗೆ ಹೋಗಲಿಲ್ಲ. 2017ರಲ್ಲಿ ಹಳೇ ತೀರ್ಪುಗಳನ್ನೇ ರದ್ದು ಮಾಡಿತು. ತೀರ್ಪಿಗೆ 3000 ಯೂರೋ, ಜೈಲಿನ ಪ್ರತಿ ವರ್ಷಕ್ಕೆ 1500 ಯೂರೋ ಪರಿಹಾರ ಇಟ್ಟಿತು.

ನಮ್ಮಲ್ಲಿ? 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಎಂದರು. ಇತಿಹಾಸವೇ ಇವರ ಕ್ಷಮೆ ಕೇಳಬೇಕು ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಆ ಮಾತನ್ನು ಎಲ್ಲ ಪತ್ರಿಕೆಗಳೂ ಎತ್ತಿ ಹೇಳಿದವು. ಅದೇ ತೀರ್ಪಿನ ಕೊನೆಯಲ್ಲಿ ಅವರೇ ಇನ್ನೊಂದು ಮಾತು ಬರೆದಿದ್ದಾರೆ: ಬಾಕಿಯಿರುವ ಕೇಸುಗಳಲ್ಲಿ ಈ ತೀರ್ಪನ್ನು ಬಳಸಬಹುದು; ಮುಗಿದುಹೋದ ಕೇಸುಗಳನ್ನು ಮತ್ತೆ ತೆರೆಯುವಂತಿಲ್ಲ.