ಒಂದಕ್ಕೆ ಒಂದೂವರೆ: ಜಹೀರಾಬಾದಿನ ಹೆಂಗಸರ ಕಾಳಿನ ಲೆಕ್ಕ

ಹಗೇವಿನ ಬಗ್ಗೆ ಮಾಡಿದ್ದ ಎಪಿಸೋಡ್ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ನೆಲದೊಳಗೆ ತೋಡಿದ ಗುಂಡಿ, ಒಳಗೆ ಒಣಹುಲ್ಲಿನ ಹೊದಿಕೆ, ಬಾಯಿಗೆ ಕಲ್ಲು ಮತ್ತು ಮಣ್ಣು, ವರ್ಷಗಟ್ಟಲೆ ಕೆಡದ ಜೋಳ. ಅದರ ಕೊನೆಗೆ ನಾನೊಂದು ಮಾತು ಸೇರಿಸಿದ್ದೆ: ಬರ ಬಂದಾಗ ಹಗೇವು ತೆಗೆದು ಊರಿಗೆಲ್ಲ ಹಂಚುತ್ತಿದ್ದರು, ಆಗ ಊರು ಅಂದ್ರೆ ಒಂದೇ ಕುಟುಂಬ. ಕಾಮೆಂಟುಗಳಲ್ಲಿ ಆ ಮಾತನ್ನೇ ಎಲ್ಲರೂ ಎತ್ತಿ ಆಡಿದ್ದರು. ಗಚ್ಚಿಬೌಲಿಯ ಫ್ಲಾಟಿನಲ್ಲಿ, ಎದುರು ಮನೆಯವರ ಹೆಸರೂ ಗೊತ್ತಿಲ್ಲದೆ ಬದುಕುವ ನಮ್ಮಂಥವರಿಗೆ ಇಂಥ ಮಾತು ಹಿಡಿಸದೆ ಇರುತ್ತಾ?

ದಸರೆಗೆ ಊರಿಗೆ ಹೋದಾಗ ಆಯಿಗೆ ಆ ವಿಡಿಯೋ ತೋರಿಸಿದೆ. ಬೀದರ್ ಜಿಲ್ಲೆಯ ಗಡಿ ಹಳ್ಳಿ ನಮ್ಮದು. ಆಯಿ ಪೂರ್ತಿ ನೋಡಿದಳು. ಫೋನು ವಾಪಸ್ ಕೊಡುತ್ತಾ ಅಂದಳು: “ಹಂಚಿಲ್ಲೋ ತಮ್ಮಾ. ಕೊಟ್ಟೀವಿ ಖರೆ, ಪುಕ್ಕಟ ಕೊಟ್ಟಿಲ್ಲ. ಚೀಲಕ್ಕ ದೀಡ ಚೀಲ. ಎಪ್ಪತ್ತೆರಡರ ಬರದಾಗ ಒಯ್ದವರು ಮೂರು ಸುಗ್ಗಿ ತನಕ ತಂದು ಹಾಕ್ತಾನೇ ಇದ್ರು.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದಳು: “ಹೆಣ್ಮಕ್ಕಳೇ ಬರ್ತಿದ್ರು ಕೇಳ್ಲಾಕ. ಗಂಡಸ್ರು ನಾಚ್ಕೋತಿದ್ರು.”

ದೀಡ ಅಂದ್ರೆ ಒಂದೂವರೆ. ಅಂದರೆ ನಾನು ಹೆಮ್ಮೆಯಿಂದ ತೋರಿಸಿದ್ದ ಹಗೇವು ನಮ್ಮ ಮನೆಯ ಬಡ್ಡಿ ವ್ಯವಹಾರದ ತಿಜೋರಿ ಆಗಿತ್ತು. ಹಾಗಾಗಿ ಈ ಎಪಿಸೋಡ್ ಒಂದು ತಿದ್ದುಪಡಿ. ಅದಕ್ಕೆ ನಾನು ಆರಿಸಿಕೊಂಡ ಕಥೆ ನಮ್ಮ ಹಳ್ಳಿಯದ್ದಲ್ಲ. ನಾವೆಲ್ಲ ಹೈದರಾಬಾದಿನಿಂದ ಬೀದರಿಗೋ ಕಲಬುರಗಿಗೋ ಹೋಗುವಾಗ ಚಹಾ ಕುಡಿಯಲು ನಿಲ್ಲಿಸುವ ಜಹೀರಾಬಾದಿನ ಸುತ್ತಲಿನ ಹಳ್ಳಿಗಳದ್ದು.

ಜಹೀರಾಬಾದ್ ನಮಗೆ ಬರೀ ದಾರಿಯ ಊರಾಗಿ ಹೋಗಿದೆ. ಆದರೆ ನಿಜಾಮರ ಕಾಲದಲ್ಲಿ ಅದು ಬೀದರ್ ಜಿಲ್ಲೆಯದೇ ತಾಲ್ಲೂಕು. 1956ರ ನವೆಂಬರ್ 1ರಂದು ಭಾಷೆಯ ಮೇಲೆ ರಾಜ್ಯಗಳು ಹೊಸದಾಗಿ ಆದಾಗ ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯವು ಮೈಸೂರು ರಾಜ್ಯಕ್ಕೆ ಬಂದವು, ಉದಗೀರ್ ಕಡೆಯವು ಮುಂಬೈ ರಾಜ್ಯಕ್ಕೆ ಹೋದವು, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರದ ಮೇದಕ್ ಜಿಲ್ಲೆಗೆ ಸೇರಿದವು. ಈಗ ಅದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ. ಗಡಿ ಬದಲಾಯಿತು, ಊಟ ಬದಲಾಗಲಿಲ್ಲ. ಜೋಳದ ರೊಟ್ಟಿ, ತೊಗರಿ, ಕಡಲೆ, ಕುಸುಬಿ, ಅಗಸಿ ಎರಡೂ ಕಡೆ ಒಂದೇ.

ಸಾಲದ ಲೆಕ್ಕವೂ ಒಂದೇ. ಕಾಳಿನ ಸಾಲಕ್ಕೆ ತೆಲಂಗಾಣದಲ್ಲಿ ನಾಗು ಎಂಬ ಹೆಸರಿತ್ತು. ಮಳೆಗಾಲದಲ್ಲಿ ಒಂದು ಚೀಲ ತಂದರೆ ಸುಗ್ಗಿಯಲ್ಲಿ ಒಂದೂವರೆ, ಕೆಲವು ಕಡೆ ಎರಡು. ಕಟ್ಟಲು ಆಗದವರ ಮನೆಯ ಹುಡುಗ ಜೀತಕ್ಕೆ ಹೋಗುತ್ತಿದ್ದ. ಹಸಿವಿಗೆ ಒಂದು ಋತು ಇದೆ ಅನ್ನೋದು ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಹಳೆಯ ಕಾಳು ಮುಗಿದಿರುತ್ತೆ, ಹೊಸದು ಇನ್ನೂ ಹೊಲದಲ್ಲಿ ಮೊಣಕಾಲೆತ್ತರ ನಿಂತಿರುತ್ತೆ. ಆಷಾಢ, ಶ್ರಾವಣದ ಆ ದಿನಗಳಲ್ಲೇ ಕಳೆ ತೆಗೆಯುವ ಕೆಲಸವೂ ಹೆಚ್ಚು. ಆ ಕೆಲಸ ಹೆಂಗಸರದ್ದು. ಅಂದರೆ ಮೈಗೆ ಕೆಲಸ ಜಾಸ್ತಿ ಇರುವಾಗಲೇ ಹೊಟ್ಟೆಗೆ ಕಡಿಮೆ. ಕಾಳು ಕೇಳಲು ಇನ್ನೊಬ್ಬರ ಬಾಗಿಲಿಗೆ ಹೋಗುವವರೂ ಅವರೇ, ಆಯಿ ಹೇಳಿದ ಹಾಗೆ.

1983ರಲ್ಲಿ ಈ ಪ್ರದೇಶಕ್ಕೆ ಸಂಬಂಧಪಟ್ಟ ಎರಡು ಘಟನೆಗಳು ನಡೆದವು. ಒಂದು ಎಲ್ಲರಿಗೂ ಗೊತ್ತಿರುವುದು. ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾಗಿ ಕೆಜಿಗೆ ಎರಡು ರೂಪಾಯಿ ಅಕ್ಕಿ ತಂದರು. ಇನ್ನೊಂದು ಆಗ ಯಾರ ಗಮನಕ್ಕೂ ಬಾರದ್ದು. ಜಹೀರಾಬಾದಿನ ಪಕ್ಕದ ಪಸ್ತಾಪುರವನ್ನು ಕೇಂದ್ರ ಮಾಡಿಕೊಂಡು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅಂತ ಒಂದು ಸಂಸ್ಥೆ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು, ದೂರದರ್ಶನದಲ್ಲಿ ಕಾರ್ಯಕ್ರಮ ಮಾಡುತ್ತಿದ್ದವರು. ಕ್ಯಾಮೆರಾ ಹಿಡಿದು ಹಳ್ಳಿಗೆ ಹೋದವರು ಅಲ್ಲೇ ಉಳಿದರು. ಆದರೆ ಇದನ್ನು ಸತೀಶರ ಕಥೆಯಾಗಿ ಹೇಳಿದರೆ ತಪ್ಪಾಗುತ್ತೆ. ಹೊರಗಿನಿಂದ ಬಂದ ಒಬ್ಬ ಓದಿದ ಗಂಡಸು ಊರು ಉದ್ಧಾರ ಮಾಡಿದ ಎಂಬ ಕಥೆಗಳು ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ.

ಹಳ್ಳಿಹಳ್ಳಿಯಲ್ಲಿ ಹೆಂಗಸರ ಸಂಘಗಳಾದವು. ಸದಸ್ಯರು ಬಹುಪಾಲು ದಲಿತರು, ಕೂಲಿಯವರು. ಕೂಲಿಯಿಂದ ಬಂದು, ಅಡುಗೆ ಮುಗಿಸಿ, ರಾತ್ರಿ ಕೂತು ಸಭೆ. ಪುಡಿಗಾಸಿನ ಉಳಿತಾಯ, ಹೆಬ್ಬೆಟ್ಟಿನ ಗುರುತು. ಒಬ್ಬೊಬ್ಬಳಾಗಿ ಕೇಳಿದರೆ ಯಾರೂ ಗುತ್ತಿಗೆಗೆ ಭೂಮಿ ಕೊಡುವುದಿಲ್ಲ, ಹತ್ತು ಜನ ಸೇರಿ ಕೇಳಿದರೆ ಕೊಡುತ್ತಾರೆ. ಹೀಗೆ ಸಂಘವಾಗಿ ಜಮೀನು ಗುತ್ತಿಗೆ ಹಿಡಿದು ಬೆಳೆದರು, ಬಂದದ್ದನ್ನು ಹಂಚಿಕೊಂಡರು. ಒಬ್ಬಳ ಹೊಲಕ್ಕೆ ಎಲ್ಲರೂ, ಆಮೇಲೆ ಇನ್ನೊಬ್ಬಳ ಹೊಲಕ್ಕೆ ಎಲ್ಲರೂ. ಕರ್ನಾಟಕದ ಹಲವು ಕಡೆ ಮುಯ್ಯಾಳು ಅನ್ನುತ್ತೇವಲ್ಲ, ಅದೇ ಪದ್ಧತಿ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು, ಯಾಕಂದ್ರೆ ನಾನೇ ಇದನ್ನು ತಪ್ಪು ತಿಳಿದಿದ್ದೆ. ಈ ಹೆಂಗಸರನ್ನು ಹಸಿವಿನಿಂದ ಕಾದದ್ದು ಹಳೆಯ ಹಳ್ಳಿಯ ಒಗ್ಗಟ್ಟು ಅನ್ನುತ್ತೇವೆ. ಹಳೆಯ ಹಳ್ಳಿಯಲ್ಲಿ ಅವರಿಗಿದ್ದ ಸಂಬಂಧ ಅಂದ್ರೆ ಜಮೀನ್ದಾರರ ಮನೆಯ ಜೀತ, ಮತ್ತು ನಮ್ಮಂಥ ಮನೆಗಳ ದೀಡ ಚೀಲ. ಅಕ್ಕಪಕ್ಕದ ಕೇರಿಯ ಕೈಗಡ ಇತ್ತು, ನಿಜ, ಆದರೆ ಎರಡೂ ಮನೆಯಲ್ಲಿ ಕಾಳಿಲ್ಲದಾಗ ಕೈಗಡ ಎಲ್ಲಿಂದ ಬರಬೇಕು? ಸಂಘ ಅನ್ನೋದು ಅವರು ಹೊಸದಾಗಿ ಕಟ್ಟಿಕೊಂಡ ನೆಂಟಸ್ತಿಕೆ.

ಇದು ದೊಡ್ಡ ಮಟ್ಟದಲ್ಲಿ ಪರೀಕ್ಷೆಗೆ ಬಂದದ್ದು 1990ರ ದಶಕದ ಮಧ್ಯದಲ್ಲಿ. ಆ ಹೊತ್ತಿಗೆ ಎರಡು ರೂಪಾಯಿ ಅಕ್ಕಿ ಬಂದು ಹತ್ತು ವರ್ಷ ದಾಟಿತ್ತು. ಅಕ್ಕಿ ಹೊಟ್ಟೆ ತುಂಬಿಸಿತು, ಅದನ್ನು ಸಣ್ಣದು ಮಾಡಿ ಮಾತಾಡುವವರ ಜೊತೆ ನಾನಿಲ್ಲ. ಆದರೆ ಆ ಅಕ್ಕಿ ಬೆಳೆಯುತ್ತಿದ್ದದ್ದು ದೂರದ ನೀರಾವರಿ ಗದ್ದೆಗಳಲ್ಲಿ. ಇಲ್ಲಿನ ಒಣಹೊಲದ ಜೋಳಕ್ಕೆ ಬೆಲೆ ಹೋಯಿತು, ದಲಿತ ಕುಟುಂಬಗಳಿಗೆ ಸಿಕ್ಕಿದ್ದ ಕಲ್ಲುಭೂಮಿ ಉಳುಮೆ ಕಾಣದೆ ಬೀಳು ಬಿತ್ತು. ರೇಷನ್ನಿನ ಅಕ್ಕಿ ತಿಂಗಳಿಗೆ ಸಾಲುತ್ತಲೂ ಇರಲಿಲ್ಲ.

ಹೆಂಗಸರ ಲೆಕ್ಕ ಸರಳವಾಗಿತ್ತು. ನಮ್ಮ ಭೂಮಿ ಇಲ್ಲೇ ಬೀಳಿದೆ, ನಾವು ತಿನ್ನುವುದು ಜೋಳ, ಮತ್ತೆ ಅಕ್ಕಿ ಅಷ್ಟು ದೂರದಿಂದ ಯಾಕೆ ಬರಬೇಕು? ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯದ ಹಣದಲ್ಲಿ ಒಂದು ಏರ್ಪಾಡಾಯಿತು. ಬೀಳು ಭೂಮಿಯನ್ನು ಹದ ಮಾಡಿ ಬಿತ್ತಲು ಸಾಲ. ಆ ಸಾಲವನ್ನು ಹಣದಲ್ಲಿ ತೀರಿಸುವಂತಿಲ್ಲ, ಐದು ವರ್ಷ ಸುಗ್ಗಿಯಾದ ಮೇಲೆ ಕಾಳಿನಲ್ಲೇ ಕಟ್ಟಬೇಕು. ಆ ಕಾಳು ಬ್ಯಾಂಕಿಗೂ ಹೋಗುವುದಿಲ್ಲ, ಗೋದಾಮಿಗೂ ಹೋಗುವುದಿಲ್ಲ. ಅದೇ ಹಳ್ಳಿಯಲ್ಲಿ, ಸಂಘದ ಕೈಯಲ್ಲಿ ಉಳಿಯುತ್ತೆ. ಮಳೆಗಾಲ ಬಂದಾಗ ಅದೇ ಹಳ್ಳಿಯ ಬಡವರಿಗೆ ಪೇಟೆಗಿಂತ ಬಹಳ ಕಡಿಮೆ ಬೆಲೆಗೆ ಕೊಡಬೇಕು. ಬಂದ ದುಡ್ಡು ಮತ್ತೆ ಹಳ್ಳಿಯ ನಿಧಿಗೆ.

ಈಗ ಕಷ್ಟದ ಪ್ರಶ್ನೆ. ಬಡವರು ಯಾರು?

ನನ್ನ ಹೊಟ್ಟೆಪಾಡು ಡೇಟಾಬೇಸು. ಯಾರು ಅರ್ಹರು, ಯಾರು ಅಲ್ಲ ಅಂತ ತೀರ್ಮಾನಿಸುವ ನಿಯಮಗಳನ್ನು ಬರೆದು ಬರೆದು ನನಗೆ ಅಭ್ಯಾಸ. ಆದಾಯ ಇಷ್ಟಕ್ಕಿಂತ ಕಡಿಮೆ, ಜಮೀನು ಇಷ್ಟಕ್ಕಿಂತ ಕಡಿಮೆ, ಇಷ್ಟು ಕಾಲಂ ತುಂಬಿದ್ದರೆ ಸರಿ. ಹೆಸರು ಎರಡು ಕಡೆ ಎರಡು ಥರ ಬರೆದಿದ್ದರೆ ಆ ಮನುಷ್ಯ ಪಟ್ಟಿಯಿಂದ ಹೊರಗೆ. ಅವನಿಗೆ ಹಸಿವಿದೆಯಾ ಅಂತ ಕೇಳುವ ಕಾಲಂ ಯಾವ ಟೇಬಲ್ಲಿನಲ್ಲೂ ನಾನು ನೋಡಿಲ್ಲ.

ಜಹೀರಾಬಾದಿನ ಹಳ್ಳಿಗಳಲ್ಲಿ ಊರವರೆಲ್ಲ ಒಂದು ಕಡೆ ಸೇರಿದರು. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿದರು, ಓಣಿ, ಕೇರಿ, ಒಂದೊಂದು ಮನೆ. ಆಮೇಲೆ ಪ್ರತಿ ಮನೆಯ ಬಗ್ಗೆ ಎಲ್ಲರೆದುರಿಗೇ ಮಾತು. ಇವರಿಗೆ ಭೂಮಿ ಇದೆಯಾ? ದುಡಿಯುವ ಕೈ ಎಷ್ಟು? ಮನೆಯಲ್ಲಿ ಕಾಯಿಲೆಯವರು ಇದ್ದಾರಾ? ಗಂಡ ಬಿಟ್ಟವಳಾ? ಹೀಗೆ ಮನೆಗಳನ್ನು ಬಡತನದ ಹಂತಗಳಾಗಿ ವಿಂಗಡಿಸಿ ಗುರುತು ಹಾಕಿದರು. ಹೆಚ್ಚು ಬಡವರಿಗೆ ಹೆಚ್ಚು ಜೋಳ. ಅವರಿಗೆ ಜೋಳದ ಕಾರ್ಡು ಕೊಟ್ಟರು, ರೇಷನ್ ಕಾರ್ಡಿನ ಹಾಗೇ. ಭೂಮಿಯೇ ಇಲ್ಲದವರೂ ಆ ಪಟ್ಟಿಯಲ್ಲಿದ್ದರು.

ಇದರಲ್ಲಿ ಮುಜುಗರ ಇಲ್ವಾ? ಇದೆ. ನಿಮ್ಮ ಮನೆಯ ಒಲೆ ಹಚ್ಚಿದ್ದೋ ಇಲ್ಲವೋ ಅಂತ ನಾಲ್ಕು ಜನರ ಎದುರು ಚರ್ಚೆ ಆಗುವುದು ಸುಲಭದ ಮಾತಲ್ಲ. ಆದರೆ ರಾತ್ರಿ ಹೊತ್ತು ಸೆರಗಿನಡಿ ಬುಟ್ಟಿ ಇಟ್ಟುಕೊಂಡು ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಬರುವುದರಲ್ಲಿದ್ದ ಮುಜುಗರಕ್ಕೆ ಇದನ್ನು ಹೋಲಿಸಿ ನೋಡಬೇಕು. ಇಲ್ಲಿ ಲೆಕ್ಕ ಮಾಡುವವರೂ ಅದೇ ಕೇರಿಯವರು. ಸುಳ್ಳು ಹೇಳಿದರೆ ಪಕ್ಕದವಳಿಗೆ ಗೊತ್ತಾಗುತ್ತೆ, ಸಂಕೋಚದಿಂದ ಸುಮ್ಮನಿದ್ದರೂ ಗೊತ್ತಾಗುತ್ತೆ.

ಬೀಜದ ವಿಷಯ ನನಗೆ ಇನ್ನೂ ಹೆಚ್ಚು ಹಿಡಿಸಿತು. ಈ ಹೆಂಗಸರು ಒಂದೇ ಹೊಲದಲ್ಲಿ ಇಪ್ಪತ್ತು ಬಗೆಯವರೆಗೂ ಬೆಳೆ ಹಾಕುತ್ತಾರೆ. ಜೋಳ, ಸಜ್ಜೆ, ನವಣೆ, ತೊಗರಿ, ಹೆಸರು, ಹುರುಳಿ, ಪುಂಡಿ. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಉಳಿಯುತ್ತೆ. ಹಿಂಗಾರಿನಲ್ಲಿ ಕಪ್ಪು ನೆಲದ ತೇವ ಮತ್ತು ಇಬ್ಬನಿಯಲ್ಲೇ ಬರುವ ಕಡಲೆ, ಕುಸುಬಿ, ಅಗಸಿಯಂಥವಕ್ಕೆ ಅವರ ಹೆಸರು ಸತ್ಯಂ ಪಂಟಲು, ಅಂದರೆ ಸತ್ಯದ ಬೆಳೆಗಳು. ಇಷ್ಟೊಂದು ಬಗೆಯ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ. ಮಣ್ಣು ಸಗಣಿ ಮೆತ್ತಿದ ಬುಟ್ಟಿಗಳಲ್ಲಿ, ಬೂದಿ ಮತ್ತು ಬೇವಿನ ಎಲೆ ಬೆರೆಸಿ, ಹಳ್ಳಿಯಲ್ಲೇ ಒಬ್ಬಳ ಮನೆಯಲ್ಲಿ ಸಂಘದ ಬೀಜ ಇರುತ್ತೆ. ಬೇಕಾದವಳು ಒಯ್ಯುತ್ತಾಳೆ. ಸುಗ್ಗಿ ಆದ ಮೇಲೆ ಒಂದು ಸೇರಿಗೆ ಒಂದೂವರೆಯೋ ಎರಡೋ ಸೇರು ವಾಪಸ್ ಹಾಕಬೇಕು.

ಇದನ್ನು ಓದಿದಾಗ ನನಗೆ ಒಂದು ಕ್ಷಣ ಗಲಿಬಿಲಿ. ಇದು ನಮ್ಮ ಹಗೇವಿನ ಲೆಕ್ಕವೇ ಅಲ್ವಾ? ಚೀಲಕ್ಕೆ ದೀಡ ಚೀಲ! ಗಣಿತ ಒಂದೇ, ಮೇಲಿನ ಅರ್ಧ ಸೇರು ಮುಂದಿನ ವರ್ಷ ಇನ್ನೊಬ್ಬಳ ಹೊಲಕ್ಕೆ ಹೋಗುತ್ತೆ. ನಮ್ಮ ಮನೆಯಲ್ಲಿ ಅದು ಅಟ್ಟದ ಮೇಲಿನ ಹೊಸ ಕೋಣೆ ಆಯಿತು. ಪ್ರಾಯಶಃ ನನ್ನ ಓದೂ ಆಯಿತು.

ಇನ್ನು ರೇಡಿಯೋ. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಸಂಘಂ ರೇಡಿಯೋ ಶುರುವಾಯಿತು. ಸ್ವಯಂಸೇವಾ ಸಂಸ್ಥೆಯೊಂದರ ಮೂಲಕ ನಮ್ಮ ದೇಶದಲ್ಲಿ ಬಂದ ಮೊದಲ ಸಮುದಾಯ ಬಾನುಲಿ, ನಡೆಸುವವರು ಅದೇ ಹೆಂಗಸರು. ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್. ಗಾಳಿಯ ಅಲೆಗಳು ಸಾರ್ವಜನಿಕರ ಸೊತ್ತು ಎಂದು 1995ರಲ್ಲಿ ತೀರ್ಪು ಕೊಟ್ಟ ಪೀಠದಲ್ಲಿದ್ದವರು. ಯಂತ್ರಗಳು ಬಂದದ್ದು 1990ರ ದಶಕದಲ್ಲೇ. ಲೈಸೆನ್ಸಿಗಾಗಿ ಅಷ್ಟು ವರ್ಷ ಕಾಯುತ್ತಾ, ರೆಕಾರ್ಡ್ ಮಾಡಿದ ಟೇಪುಗಳನ್ನು ಸಂಘದ ಸಭೆಗಳಲ್ಲಿ ಹಾಕಿ ಕೇಳಿಸುತ್ತಿದ್ದರು. ಯಾರ ಹತ್ತಿರ ಯಾವ ಬೀಜ ಇದೆ, ಯಾವ ಸೊಪ್ಪು ಯಾವಾಗ ತಿನ್ನಬೇಕು, ಇವೆಲ್ಲ ಆಮೇಲೆ ಸಂಜೆಯ ಎಫ್‌ಎಂನಲ್ಲಿ ಹೋಗತೊಡಗಿದವು.

ಇದೆಲ್ಲ ಸುಮಾರು 75 ಹಳ್ಳಿಗಳ, 5,000 ಹೆಂಗಸರ ಕೆಲಸ. ದೇಶದ ಲೆಕ್ಕದಲ್ಲಿ ಸಣ್ಣದು. ನಮ್ಮ ಫೀಲ್ಡಿನಲ್ಲಿ ತಕ್ಷಣ ಕೇಳುವ ಪ್ರಶ್ನೆ ಇದೆಯಲ್ಲ, ಇದು ಸ್ಕೇಲ್ ಆಗುತ್ತಾ ಅಂತ. ಹಾಗೇ ಆಗಲ್ಲ ಅಂತ ನನ್ನ ಅಭಿಪ್ರಾಯ. ಒಬ್ಬರ ಮನೆಯ ಒಲೆ ಇನ್ನೊಬ್ಬರಿಗೆ ಗೊತ್ತಿರುವಷ್ಟು ಚಿಕ್ಕ ಊರಿನಲ್ಲಿ ಮಾತ್ರ ಆ ರಂಗೋಲಿ ನಕ್ಷೆ ನಡೆಯುತ್ತೆ. ಆದರೆ ಅದರ ಹಿಂದಿನ ವಾದ ದೆಹಲಿವರೆಗೂ ಹೋಯಿತು. ರೇಷನ್ನಿನಲ್ಲಿ ಸಿರಿಧಾನ್ಯ ಬೇಕು ಅಂತ ಒತ್ತಾಯಿಸಿದವರಲ್ಲಿ ಇವರೂ ಮುಂದಿದ್ದರು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ ಮೂರು ರೂಪಾಯಿ, ಗೋಧಿ ಎರಡು, ಜೋಳ-ಸಜ್ಜೆಯಂಥ ಧಾನ್ಯ ಒಂದು ರೂಪಾಯಿ ಅಂತ ಸೇರಿತು. ಕಾಗದದ ಮೇಲೆ ಬಂದಷ್ಟು ಅಂಗಡಿಗೆ ಬಂದಿಲ್ಲ, ಅದು ಬೇರೆ ಮಾತು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. 2023 ಜಗತ್ತಿಗೆಲ್ಲ ಸಿರಿಧಾನ್ಯ ವರ್ಷವಾಯಿತು, ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ನವಣೆ ಉಪ್ಪಿಟ್ಟು ದುಬಾರಿ ಬೆಲೆಗೆ ಬಂತು. ಅದೇ ವರ್ಷ ಮಾರ್ಚ್ 19ರಂದು ಸತೀಶ್ ತೀರಿಕೊಂಡರು.

ಈ ಸ್ಕ್ರಿಪ್ಟ್ ಬರೆಯುವಾಗ ಆಯಿಗೆ ಫೋನ್ ಮಾಡಿ ಕೇಳಿದೆ: ಎಪ್ಪತ್ತೆರಡರಲ್ಲಿ ಯಾರ್ಯಾರು ಬಂದಿದ್ದರು, ನೆನಪಿದೆಯಾ? ಏಳು ಮನೆಯ ಹೆಸರು ಹೇಳಿದಳು, ಒಂದೂ ತಡವರಿಸದೆ. ಅದರಲ್ಲಿ ಒಬ್ಬಾಕೆ ಕೊನೆಯ ಅರ್ಧ ಚೀಲ ತಂದು ಹಾಕುವಾಗ ಒಂದು ಮಾತೂ ಆಡದೆ ಹೋದಳಂತೆ. ಆ ಏಳು ಹೆಸರು ನಾನು ಬರೆದಿಟ್ಟುಕೊಂಡಿದ್ದೇನೆ, ಇಲ್ಲಿ ಹಾಕುವುದಿಲ್ಲ.

ಹಗೇವಿನ ವಿಡಿಯೋದಲ್ಲಿ ಆ ಸಾಲನ್ನು ಕತ್ತರಿಸಿ, ಕೆಳಗೆ ತಿದ್ದುಪಡಿ ಸೇರಿಸಿದ್ದೇನೆ. ನಿಮ್ಮ ಮನೆಯಲ್ಲೂ ಹಗೇವೋ ಕಣಜವೋ ಇದ್ದಿದ್ದರೆ, ಈ ಸಲ ಊರಿಗೆ ಹೋದಾಗ ಹಿರಿಯರನ್ನು ಕೇಳಿ ನೋಡಿ, ಬರದ ವರ್ಷ ಒಂದಕ್ಕೆ ಎಷ್ಟಿತ್ತು ಅಂತ. ಉತ್ತರ ಕಾಮೆಂಟಿನಲ್ಲಿ ಬರೆಯಿರಿ. ಒಂದಕ್ಕೆ ಒಂದೇ ಇದ್ದ ಮನೆ ಯಾರದಾದರೂ ಇದ್ದರೆ ಅವರ ಜೊತೆ ನನಗೆ ಖಂಡಿತ ಮಾತಾಡಬೇಕಿದೆ.