ಕಾಲು ಹೇಳಿದ ಉತ್ತರ

2022ರ ಸೆಪ್ಟೆಂಬರ್ 21 ನೆನಪಿದೆಯಾ? ಉಕ್ರೇನಿನ ಖಾರ್ಕಿವ್ ಪ್ರಾಂತ್ಯದಲ್ಲಿ ರಷ್ಯಾದ ಸೇನೆ ಹಿಂದೆ ಸರಿದ ಕೆಲವೇ ದಿನಗಳಲ್ಲಿ ಪುಟಿನ್ ಟಿವಿಗೆ ಬಂದರು. ಹಿಂದೆ ಸೇನೆಯಲ್ಲಿದ್ದು ಮನೆಗೆ ಬಂದವರು, ಅಂದರೆ ಮೀಸಲು ಸೈನಿಕರು, ಮತ್ತೆ ಬಂದೂಕು ಹಿಡಿಯಬೇಕು ಅಂದರು. ರಕ್ಷಣಾ ಸಚಿವರು ಲೆಕ್ಕ ಕೊಟ್ಟರು: 3 ಲಕ್ಷ ಜನ.

ಜನ ಏನಂದರು? ಕೆಲವರು ಬೀದಿಗೆ ಬಂದರು, ಅವತ್ತೇ ಸಾವಿರಕ್ಕೂ ಹೆಚ್ಚು ಜನರ ಬಂಧನವಾಯ್ತು. ಬಹಳಷ್ಟು ಜನ ಏನೂ ಮಾತಾಡಲಿಲ್ಲ. ಬ್ಯಾಗು ತುಂಬಿಕೊಂಡು ಹೊರಟರು. ಇಸ್ತಾಂಬುಲ್‌ಗೆ, ಯೆರೆವಾನ್‌ಗೆ ವಿಮಾನದ ಟಿಕೆಟ್ ಖಾಲಿ. ಜಾರ್ಜಿಯಾ ಗಡಿಯಲ್ಲಿ ಕಿಲೋಮೀಟರ್‌ಗಟ್ಟಲೆ ಕಾರುಗಳ ಸಾಲು. ಎರಡು ವಾರದಲ್ಲಿ 2 ಲಕ್ಷಕ್ಕೂ ಹೆಚ್ಚು ರಷ್ಯನ್ನರು ನಮ್ಮ ದೇಶಕ್ಕೆ ಬಂದಿದ್ದಾರೆ ಅಂತ ಕಜಕಸ್ತಾನವೇ ಹೇಳಿತು.

ಆ ಸಾಲನ್ನು ತೋರಿಸುತ್ತಾ ನಾನು ಸ್ಟುಡಿಯೋದಲ್ಲಿ ಕೂತು 'ಇತಿಹಾಸದಲ್ಲೇ ಮೊದಲು' ಅಂದುಬಿಟ್ಟೆ. ತಪ್ಪು ಮಾತು ಅದು. ಅದಕ್ಕೆ ನಮ್ಮ ಕನ್ನಡದಲ್ಲೇ ಹೆಸರಿದೆ. ವಲಸೆ. ಇವತ್ತು ಈ ಪದಕ್ಕೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗೋದು ಅಂತ ಅರ್ಥ. ಇನ್ನೂರು ವರ್ಷದ ಹಿಂದೆ ಅರ್ಥ ಬೇರೆ ಇತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟವಾದ ತನ್ನ ಮೈಸೂರು ಇತಿಹಾಸದಲ್ಲಿ ಈ ಪದವನ್ನು ಇದ್ದ ಹಾಗೇ ಇಂಗ್ಲಿಷಿಗೆ ತೆಗೆದುಕೊಂಡು ವಿವರಿಸಿದ್ದಾನೆ. ದಂಡು ಬರ್ತಿದೆ ಅಂದರೆ ಊರಿಗೆ ಊರೇ ಪಾತ್ರೆ ಪಡಗ ನೆಲದಲ್ಲಿ ಹೂತು, ಮಕ್ಕಳೂ ಸೇರಿ ಹೊರಲಾಗುವಷ್ಟು ಕಾಳು ಹೊತ್ತು, ಕಾಡಿಗೋ ಗುಡ್ಡಕ್ಕೋ ಹೋಗೋದು. ಹಾಗೆ ಮನೆ ಬಿಟ್ಟ ಜನಕ್ಕೇ ವಲಸೆ ಅನ್ನುತ್ತಿದ್ದರಂತೆ. ಒಂದು ನಾಡಿನ ಜನ ಇದಕ್ಕೆ ಅಂತಲೇ ಒಂದು ಪದ ಇಟ್ಟುಕೊಂಡಿದ್ದರು ಅಂದರೆ, ಎಷ್ಟು ಸಲ ಹೋಗಿರಬೇಕು ಯೋಚನೆ ಮಾಡಿ.

ಈ ವಲಸೆಯ ದಾರಿ ನೋಡಬೇಕಾದರೆ ಮಂಡ್ಯ, ಮದ್ದೂರು, ಮಳವಳ್ಳಿಗೆ ಬನ್ನಿ. ಆಗ ಮಂಡ್ಯ ಜಿಲ್ಲೆ ಇರಲಿಲ್ಲ, ಅದು ಹುಟ್ಟಿದ್ದು 1939ರಲ್ಲಿ. ಕನ್ನಂಬಾಡಿ ಕಟ್ಟೆ ಇಲ್ಲ, ವಿಶ್ವೇಶ್ವರಯ್ಯ ನಾಲೆ ಇಲ್ಲ. ಕೆರೆ ಕೆಳಗೆ ಒಂದಿಷ್ಟು ಗದ್ದೆ ಬಿಟ್ಟರೆ ರಾಗಿಯ ಸೀಮೆ. ಆದರೆ ಪೂರ್ವದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಯಾವ ದಂಡಾದರೂ ಈ ನೆಲ ತುಳಿದೇ ಹೋಗಬೇಕು.

ಈ ಊರುಗಳಲ್ಲೂ ಮೀಸಲು ಸೈನಿಕರಿದ್ದರು. ಕಂದಾಚಾರದವರು ಅಂತ ಕರೆಯುತ್ತಿದ್ದರು. ಚಿಕ್ಕದೇವರಾಜ ಒಡೆಯರ ಅಠಾರ ಕಚೇರಿ, ಅಂದರೆ ಹದಿನೆಂಟು ಇಲಾಖೆಗಳಲ್ಲಿ, ಸೀಮೆಯ ಕಂದಾಚಾರಕ್ಕೆ ಅಂತಲೇ ಒಂದು ಚಾವಡಿ ಇತ್ತು. ಕಂದಾಚಾರದ ಆಳು ಪೂರ್ತಿ ಸೈನಿಕನೂ ಅಲ್ಲ, ಪೂರ್ತಿ ರೈತನೂ ಅಲ್ಲ. ಮಳೆ ಬಂದರೆ ನೇಗಿಲು, ಕರೆ ಬಂದರೆ ಕತ್ತಿ. ಸ್ವಲ್ಪ ಸಂಬಳ, ಸ್ವಲ್ಪ ಭೂಮಿ. ಊರ ಕೋಟೆ ಕಾಯೋದು, ಕಳ್ಳರನ್ನು ಹಿಡಿಯೋದು, ಯುದ್ಧ ಬಂದರೆ ಹೋಗೋದು. ಇವತ್ತಿನ ಟೆರಿಟೋರಿಯಲ್ ಆರ್ಮಿ, ಹೋಮ್ ಗಾರ್ಡ್ ಎರಡೂ ಒಬ್ಬನಲ್ಲೇ ಇದ್ದ ಹಾಗೆ.

ಈಗ 1791ರ ಮೇ ತಿಂಗಳಿಗೆ ಬನ್ನಿ. ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದು ಶ್ರೀರಂಗಪಟ್ಟಣದ ಕಡೆ ಹೊರಟ. ಟಿಪ್ಪು ಸುಲ್ತಾನ್ ಶತ್ರುವಿಗೆ ಏನೂ ಸಿಗಬಾರದು ಅಂತ ದಾರಿಯ ಮೇವು ಸುಡಿಸಿದ. ಜನ ಊರು ಬಿಟ್ಟರು. ಕಂಪನಿಯ ದಂಡಿಗೆ ಸಿಕ್ಕಿದ್ದು ಖಾಲಿ ಊರುಗಳು. ಎತ್ತುಗಳು ಹೊಟ್ಟೆಗಿಲ್ಲದೆ ಸತ್ತವು. ಮೇ 15ರಂದು ಅರಕೆರೆ ಹತ್ತಿರ ಗೆದ್ದರೂ ಕಾರ್ನ್‌ವಾಲಿಸ್‌ಗೆ ಮುಂದೆ ಹೋಗಲಾಗಲಿಲ್ಲ. ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ವಾಪಸ್ ಹೋದ. ಅದೇ ವರ್ಷ ಮದ್ದೂರಿನ ಕೋಟೆಯನ್ನೂ ಕಂಪನಿಯವರು ಕೆಡವಿದರು. ಸುಲ್ತಾನನ ತಂತ್ರ ಗೆದ್ದಿತು. ಆದರೆ ಸುಟ್ಟ ಮೇವು ಯಾರದು? ನಮ್ಮ ರೈತನದು. ಎರಡೂ ಕಡೆಯವರು ನಾಶ ಮಾಡಿದ್ದು ಅವನದನ್ನೇ.

ಮುಂದಿನ ವರ್ಷ ಕಾರ್ನ್‌ವಾಲಿಸ್ ಮತ್ತೆ ಬಂದ. 1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯ್ತು. ಅರ್ಧ ರಾಜ್ಯ ಹೋಯ್ತು, ಇಬ್ಬರು ಮಕ್ಕಳು ಒತ್ತೆಯಾಳುಗಳಾದರು, ದಂಡ 3 ಕೋಟಿ 30 ಲಕ್ಷ ರೂಪಾಯಿ. ಈ ದುಡ್ಡು ಎಲ್ಲಿಂದ? ಬೊಕ್ಕಸದಿಂದ ಬಂದದ್ದು ಒಂದು ಪಾಲು ಮಾತ್ರ. ಸೇನೆಯಿಂದ ನಜರಾನೆ ಅಂತ ವಸೂಲಾಯ್ತು, ಅಧಿಕಾರಿಗಳಿಂದ, ಊರಿನ ಜನರಿಂದ ಅದಕ್ಕಿಂತ ಹೆಚ್ಚು ಎತ್ತಲಾಯ್ತು ಅಂತ ವಿಲ್ಕ್ಸ್ ಬರೆಯುತ್ತಾನೆ. ವಿಲ್ಕ್ಸ್ ಗೆದ್ದವರ ಕಡೆಯವನು, ಟಿಪ್ಪುವಿನ ಮೇಲೆ ಅವನಿಗೆ ಕರುಣೆ ಇರಲಿಲ್ಲ. ಅವನ ಬೈಗುಳ ಪಕ್ಕಕ್ಕಿಡಿ. ಆದರೂ ಒಂದು ಲೆಕ್ಕ ಉಳಿಯುತ್ತೆ. ಯುದ್ಧಕ್ಕೆ ಮಗನನ್ನು ಕೊಟ್ಟ ಮನೆಯೇ ಸೋಲಿನ ಬಿಲ್ಲನ್ನೂ ಕಟ್ಟಿತು.

ಏಳು ವರ್ಷ ಕಳೆಯಿತು. 1799. ಮಾರ್ಚ್ 6ರಂದು ಕೊಡಗಿನ ಸಿದ್ದೇಶ್ವರದ ಹತ್ತಿರ ಬಾಂಬೆ ಸೇನೆಯ ಮೇಲೆ ಟಿಪ್ಪು ಮಾಡಿದ ದಾಳಿ ಕೈಗೂಡಲಿಲ್ಲ. ಅಲ್ಲಿಂದ ತಿರುಗಿ ಪೂರ್ವಕ್ಕೆ ಬಂದು ಮಾರ್ಚ್ 27ರಂದು ಮಳವಳ್ಳಿಯಲ್ಲಿ ಜನರಲ್ ಹ್ಯಾರಿಸ್‌ಗೆ ಎದುರು ನಿಂತ. ಎದುರು ಸೇನೆಯ ಎಡಭಾಗದಲ್ಲಿ ನಿಜಾಮನ ಪಡೆಯ ಜೊತೆ ಇದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. ಮಳವಳ್ಳಿಯಲ್ಲೂ ಟಿಪ್ಪು ಹಿಂದೆ ಸರಿಯಬೇಕಾಯ್ತು. ಮಳವಳ್ಳಿ ಯಾರೋ ಬೇರೆಯವರ ಊರಲ್ಲ ಸ್ವಾಮಿ. ತಂದೆ ಹೈದರ್ ಮಗನಿಗೆ ಜಹಗೀರು ಕೊಟ್ಟಿದ್ದ ಊರು. ಆ ಊರನ್ನೇ, ಶತ್ರುವಿಗೆ ಉಪಯೋಗಕ್ಕೆ ಬರಬಾರದು ಅಂತ, ಟಿಪ್ಪು ನಾಶ ಮಾಡಿಸಿದ. ಹ್ಯಾರಿಸ್ ಹಳೇ ದಾರಿ ಬಿಟ್ಟು, ಮೇವು ಇನ್ನೂ ಉಳಿದಿದ್ದ ಸೋಸಲೆ ಕಡೆ ಕಾವೇರಿ ದಾಟಿದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಸುಲ್ತಾನ ಹೋರಾಡುತ್ತಲೇ ಸತ್ತ. ಅವನ ಧೈರ್ಯದ ಬಗ್ಗೆ ಎರಡು ಮಾತಿಲ್ಲ.

ನನ್ನ ಪ್ರಶ್ನೆ ಸುಲ್ತಾನನ ಬಗ್ಗೆ ಅಲ್ಲ. ಮಳವಳ್ಳಿಯ ಒಬ್ಬ ಕಂದಾಚಾರದ ಆಳಿನ ಬಗ್ಗೆ. ಸರ್ಕಾರ ಬಾ ಅನ್ನುತ್ತಿದೆ. ಮನೆ ಉರಿಯುತ್ತಿದೆ. ಹೆಂಡತಿ ಮಕ್ಕಳು ರಾಗಿ ಗಂಟು ಹೊತ್ತು ನಿಂತಿದ್ದಾರೆ. ಅವನು ಕೋಟೆಗೆ ಹೋಗಬೇಕಾ, ಕಾಡಿಗೆ ಹೋಗಬೇಕಾ? ಅವನನ್ನು ಹೇಡಿ ಅನ್ನೋಕೆ ನನಗಂತೂ ಬಾಯಿ ಬರಲ್ಲ. ಅವನು ಯಾವ ಕಡೆ ಕಾಲಿಟ್ಟ ಅನ್ನೋದು ಅವತ್ತು ಬೆಳಿಗ್ಗೆ ತೀರ್ಮಾನವಾದದ್ದಲ್ಲ. ಹಿಂದಿನ ಏಳು ವರ್ಷ ಸರ್ಕಾರ ಅವನ ಜೊತೆ ಹೇಗೆ ನಡೆದುಕೊಂಡಿತು ಅನ್ನೋದರಲ್ಲಿ ಆಗಲೇ ತೀರ್ಮಾನವಾಗಿತ್ತು.

ಈ ಸತ್ಯ ದಿವಾನ್ ಪೂರ್ಣಯ್ಯನವರಿಗೆ ಗೊತ್ತಿತ್ತು. ಟಿಪ್ಪು ಸತ್ತ ಮೇಲೆ ಕೆಲಸ ಕಳೆದುಕೊಂಡ ಸೈನಿಕರನ್ನು ಕಟ್ಟಿಕೊಂಡು ಧೋಂಡಿಯಾ ವಾಘ್ ಎದ್ದ. 1800ರ ಸೆಪ್ಟೆಂಬರ್‌ನಲ್ಲಿ ಅವನು ಸಾಯುವವರೆಗೂ ಕಂಪನಿಗೆ ನಿದ್ದೆ ಇರಲಿಲ್ಲ. ಪೂರ್ಣಯ್ಯನವರು ಏನು ಮಾಡಿದರು? ಕಂದಾಚಾರವನ್ನು ಮತ್ತೆ ಕಟ್ಟಿದರು. ಯೋಧ ಕುಟುಂಬಗಳಿಂದ ಮನೆಗೆ ಒಬ್ಬನನ್ನಾದರೂ ಸೇರಿಸಿಕೊಳ್ಳಲು ನೋಡಿದರು. ಸುಮಾರು 20 ಸಾವಿರ ಜನರಿಗೆ ಊರಿನಲ್ಲೇ ಕೆಲಸ, ಕೈಗೆ ಸಂಬಳ, ಜೊತೆಗೆ ಸಾಗುವಳಿ. ಕರೆಯುವುದಕ್ಕೆ ಮೊದಲು ಅನ್ನ ಕೊಡು. ಇದು ರಾಜನೀತಿ.

ಈಗ ನನ್ನ ಕಥೆಗೆ ಬರ್ತೀನಿ. 2025ರ ಮೇ ತಿಂಗಳು, ಆಪರೇಷನ್ ಸಿಂಧೂರದ ದಿನಗಳು. ಟೆರಿಟೋರಿಯಲ್ ಆರ್ಮಿಯ 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ಕರೆಸಿಕೊಳ್ಳಲು ಸೇನಾ ಮುಖ್ಯಸ್ಥರಿಗೆ ಕೇಂದ್ರ ಅಧಿಕಾರ ಕೊಟ್ಟ ಸುದ್ದಿ ಬಂತು. ನಾವು ಸೋಲುತ್ತಿದ್ದ ಯುದ್ಧ ಅಲ್ಲ ಅದು, ಮೇ 10ಕ್ಕೇ ಗುಂಡು ನಿಂತಿತು. ರಜೆಯಲ್ಲಿದ್ದ ಯೋಧರು ಅರ್ಧಕ್ಕೇ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟರು. ಜನ ಆರತಿ ಎತ್ತಿ ಕಳಿಸಿದರು. ಅದು ನಿಜವಾದ ಹೆಮ್ಮೆ, ನಾನೂ ಕಣ್ಣು ಒರೆಸಿಕೊಂಡೆ.

ಅವತ್ತು ಮದ್ದೂರು ಹತ್ತಿರದ ಒಂದು ಹಳ್ಳಿಯಿಂದ ನೇರಪ್ರಸಾರ. ಪುಲ್ವಾಮಾದಲ್ಲಿ 2019ರಲ್ಲಿ ಹುತಾತ್ಮರಾದ ಗುಡಿಗೆರೆಯ ಗುರು ಅವರದ್ದೂ ಅದೇ ತಾಲ್ಲೂಕು. ಜನಕ್ಕೆ ನಷ್ಟ ಅಂದರೆ ಏನು ಅಂತ ಗೊತ್ತು. ನಮ್ಮ ರಿಪೋರ್ಟರ್ ಒಬ್ಬ ವಯಸ್ಸಾದ ತಾಯಿಯ ಮುಂದೆ ಮೈಕ್ ಹಿಡಿದು 'ಯುದ್ಧ ಆಗಲೇಬೇಕಾ ಅಜ್ಜಿ?' ಅಂತ ಕೇಳಿದ. ಆಕೆ ಅವನನ್ನೇ ನೋಡಿ, 'ನಿಮ್ಮ ಮನೆಯಿಂದ ಯಾರ್ ಓಗವ್ರೆ ಮಗಾ?' ಅಂದರು. ನಾನು ಸ್ಟುಡಿಯೋದಲ್ಲಿ ನಕ್ಕು, 'ಒಂದು ಸಣ್ಣ ಬ್ರೇಕ್' ಅಂದುಬಿಟ್ಟೆ.

ಆ ಬ್ರೇಕ್ ನನಗಿನ್ನೂ ಮುಗಿದಿಲ್ಲ. ಆಕೆ ಯುದ್ಧ ಬೇಡ ಅಂದಿರಲಿಲ್ಲ, ಸೈನಿಕರನ್ನು ಬೈದಿರಲಿಲ್ಲ. ಕರೆಯುವವರು ಯಾರು, ಹೋಗುವವರು ಯಾರು ಅಂತ ಲೆಕ್ಕ ಕೇಳಿದ್ದರು ಅಷ್ಟೇ. ಮಳವಳ್ಳಿಯ ಆ ಆಳಿಗೂ ಇದೇ ಲೆಕ್ಕ ಬೇಕಿತ್ತು. ಜಾರ್ಜಿಯಾ ಗಡಿಯಲ್ಲಿ ನಿಂತ ಹುಡುಗರಿಗೂ ಇದೇ ಬೇಕಿತ್ತು. ನಾವು ಟಿವಿಯವರು ಯುದ್ಧದ ಹೊತ್ತಿನಲ್ಲಿ ಘೋಷಣೆ ಎಣಿಸುತ್ತೇವೆ. ಘೋಷಣೆ ಬಾಯಿಯದ್ದು. ಜನರ ನಿಜವಾದ ಉತ್ತರ ಇರೋದು ಕಾಲಿನಲ್ಲಿ. ಆ ಕಾಲು ಗಡಿಯ ಕಡೆ ಹೋಗುತ್ತೋ ಕಾಡಿನ ಕಡೆ ಹೋಗುತ್ತೋ ಅನ್ನೋದು, ಶಾಂತಿಯ ದಿನಗಳಲ್ಲಿ ಆ ಮನೆಯ ಬಾಗಿಲಿಗೆ ಸರ್ಕಾರ ಯಾತಕ್ಕೆ ಬಂದಿತ್ತು ಅನ್ನೋದರ ಮೇಲೆ ನಿಂತಿದೆ. ಕೊಡೋಕೆ ಬಂದಿತ್ತಾ, ಬರೀ ಕೇಳೋಕೆ ಬಂದಿತ್ತಾ?

ಅಜ್ಜಿ, ಅವತ್ತು ಉತ್ತರ ಕೊಡಲಿಲ್ಲ. ಇವತ್ತು ಹೇಳ್ತೀನಿ. ನಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲ.